ಮಹಾರಾಣಿಯ ಇಪ್ಪತ್ತೆರಡು ಗ್ರಾಂ

ಮಾರ್ಚ್ ೨

ಗಡಿಪಾರಾದ ಮಹಾಪುರುಷರೆಲ್ಲ ಏನಾದರೊಂದು ಗ್ರಂಥ ಬರೆದೇ ತೀರುತ್ತಾರೆ. ಮಹಾಸ್ತ್ರೀಯರು ಯಾಕೆ ಹಿಂದೆ ಬೀಳಬೇಕು? ಆದಕಾರಣ ಈ ನೋಟ್‌ಬುಕ್ಕು. ಓದುಗರು ಇಲ್ಲ, ಇರಬಾರದು, ಇದ್ದರೆ ಅವರ ಕಣ್ಣು ಕೆಂಪಗಾಗಲಿ.

ಅಪರಾಧದ ವಿವರ: ನಮ್ಮ ಕಾಲೇಜಿನ ಲಿಫ್ಟು ಎರಡು ವರ್ಷದಿಂದ ಅಲ್ಲಾಡಿರಲಿಲ್ಲ. ಅದು ತೀರಿಕೊಂಡಿದೆ ಎಂದು ನಾನು ಕಪ್ಪು ಅಂಚಿನ ನೋಟೀಸು ಅಂಟಿಸಿದೆ. 'ಮೇಲಕ್ಕೂ ಕೆಳಕ್ಕೂ ಸಮಾನ ಭಾವದಿಂದಿದ್ದ ಹಿರಿಯ ಜೀವ' ಎಂದು ಬರೆದೆ. ಮೈಕಿನಲ್ಲಿ ಎರಡು ನಿಮಿಷದ ಮೌನ ಘೋಷಿಸಿದೆ. ಇಡೀ ಕಾಲೇಜು ಎದ್ದು ನಿಂತಿತು. ಪ್ರಿನ್ಸಿಪಾಲರೂ ತಲೆ ತಗ್ಗಿಸಿ ನಿಂತರು. ಯಾರು ಸತ್ತದ್ದು ಎಂದು ಅವರು ಕೇಳಿದ್ದು ಆಮೇಲೆ.

ಶಿಕ್ಷೆ: ಜೂನ್‌ವರೆಗೆ ಕಾಲೇಜಿಗೆ ಕಾಲಿಡುವಂತಿಲ್ಲ. ಅಮ್ಮ ಸಿಟ್ಟಿನಲ್ಲಿ ನನ್ನನ್ನು ತನ್ನ ತಂಗಿಯ ಮನೆಗೆ, ಅಂದರೆ ಚಿಕ್ಕಮ್ಮನ ಹಂದಿ ಫಾರ್ಮಿಗೆ ರವಾನಿಸಿದ್ದಾಳೆ. ಚಿಕ್ಕಮ್ಮ ಬಾಗಿಲಲ್ಲೇ ಒಂದು ಜೊತೆ ಗಂಬೂಟು ಕೊಟ್ಟು, "ಬಾರೇ ತರ್ಲೆ, ಇಲ್ಲಿ ನಿನ್ನ ಭಾಷಣಕ್ಕೆ ನಲವತ್ತು ಜನ ಕಾಯ್ತಿದ್ದಾರೆ, ಎಲ್ಲರಿಗೂ ಕಿವಿ ದೊಡ್ಡದು" ಅಂದಳು.

ವಂದನಾರ್ಪಣೆ: ನನ್ನ ಅಳತೆಗಿಂತ ಎರಡು ಪಟ್ಟು ದೊಡ್ಡದಾದ ಗಂಬೂಟಿಗೆ. ಅದರೊಳಗೆ ನಾನೂ ನನ್ನ ಮಾನವೂ ಆರಾಮಾಗಿ ಹಿಡಿಸಿದೆವು.

ಮಾರ್ಚ್ ೩

ಇವತ್ತು ಡಾಕ್ಟ್ರು ಬಂದಿದ್ದರು. ಪಶುವೈದ್ಯರು. ನಗುವುದನ್ನು ಕಾಲೇಜಿನಲ್ಲಿ ಅವರಿಗೆ ಯಾರೂ ಕಲಿಸಿಲ್ಲ. ಫೀಡ್ ರೂಮಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಅಂಗಿ ಬಿಡಿಸಿ ಪಾಠ ಮಾಡಿದರು.

ಪಾಠ ಹೀಗಿದೆ. ದರ್ಜಿಯ ಹತ್ತಿರ ಹತ್ತು ಅಂಗಿಗೆ ಆಗುವಷ್ಟು ಬಟ್ಟೆ ಇದೆ, ಗುಂಡಿ ಮಾತ್ರ ಆರು ಅಂಗಿಗೆ ಸಾಲುವಷ್ಟು. ಎಷ್ಟು ಅಂಗಿ ಆಗುತ್ತೆ? ಆರು. ಉಳಿದ ಬಟ್ಟೆ ದಂಡ. ಹಂದಿಯ ಹೊಟ್ಟೆಯಲ್ಲೂ ಅದೇ ಲೆಕ್ಕ. ಪ್ರೋಟೀನ್ ಅಂದರೆ ಅಂಗಿ, ಅಮೈನೋ ಆಮ್ಲಗಳೆಂದರೆ ಬಟ್ಟೆ, ದಾರ, ಕಾಲರು, ಗುಂಡಿ ಎಲ್ಲ. ಜೋಳದ ಮೇವಿನಲ್ಲಿ ಮೊದಲು ಮುಗಿದುಹೋಗುವ ಗುಂಡಿಯ ಹೆಸರು ಲೈಸಿನ್. ಅದು ಮುಗಿದ ಮೇಲೆ ಎಷ್ಟು ಸೋಯಾ ಹಿಂಡಿ ಸುರಿದರೂ ಮಿಕ್ಕದ್ದು ಮೂತ್ರವಾಗಿ ಹೋಗಿ, ಶೆಡ್ಡಿನಲ್ಲಿ ಕಣ್ಣು ಉರಿಸುವ ನಾತವಾಗುತ್ತದೆ. ಹಾಗಾಗಿ ಇವತ್ತಿನಿಂದ ಎಲ್ಲರಿಗೂ ಹಿಂಡಿ ಸ್ವಲ್ಪ ಕಮ್ಮಿ, ಲೈಸಿನ್ ಸ್ವಲ್ಪ ಸೇರ್ಪಡೆ.

ಎರಡನೆಯ ಪುಡಿ ಅರ್ಜಿನೈನ್. ಅದು ರಕ್ತನಾಳ ಹಿಗ್ಗಿಸುತ್ತದಂತೆ. ಗರ್ಭದಲ್ಲಿ ಮರಿಗಳು ಸಾಲಾಗಿ ಒತ್ತಿಕೊಂಡಿರುತ್ತವೆ, ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರ ಹಾಗೆ. ಕೆಲವಕ್ಕೆ ಮಾಸಿನ, ಅಂದರೆ ಪ್ಲಾಸೆಂಟಾದ, ಮೂಲಕ ರಕ್ತ ಚೆನ್ನಾಗಿ ಬರುತ್ತೆ, ಕೆಲವಕ್ಕೆ ಬರುವುದಿಲ್ಲ. ಬಾರದವು ಸತ್ತು ಹುಟ್ಟುತ್ತವೆ ಅಥವಾ ಇಲಿಯಷ್ಟೇ ಇರುತ್ತವೆ. ಗಬ್ಬ ನಿಂತ ಮೂವತ್ತನೇ ದಿನದಿಂದ ಈಯುವವರೆಗೆ ದಿನಾ ಇಪ್ಪತ್ತೆರಡು ಗ್ರಾಂ ಕೊಟ್ಟು ನೋಡೋಣ ಅಂದರು. ಗಬ್ಬದ ಹಂದಿಗಳು ಇಪ್ಪತ್ತು ಇವೆ. ಹತ್ತಕ್ಕೆ ಕೊಡೋದು, ಹತ್ತಕ್ಕೆ ಇಲ್ಲ. ಖಂಡಿತ ಉಪಯೋಗ ಆಗುತ್ತಾ ಎಂದು ಚಿಕ್ಕಮ್ಮ ಕೇಳಿದ್ದಕ್ಕೆ, "ಆಗಬಹುದು. ಆಗದೆಯೂ ಇರಬಹುದು. ಅದಕ್ಕೇ ಹತ್ತು-ಹತ್ತು" ಅಂದರು. ಇಷ್ಟು ಪ್ರಾಮಾಣಿಕ ಮನುಷ್ಯನನ್ನು ನಮ್ಮ ಕಾಲೇಜಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ.

ಪುಡಿ ತೂಗಿ ಪೊಟ್ಟಣ ಕಟ್ಟುವ ಪವಿತ್ರ ಕಾರ್ಯ ನನ್ನದು.

ಮಾರ್ಚ್ ೭

ಇವತ್ತು ಒಬ್ಬಳ ಪರಿಚಯವಾಯಿತು. ಐದನೇ ಬಾಣಂತನಕ್ಕೆ ಹೊರಟವಳು, ಎಡಗಿವಿ ಹರಿದಿದೆ. ನಾನು ಹಿಂದಿನ ಗೇಟಿನಿಂದ ಸೆಗಣಿ ಬಾಚಲು ಹೋದರೆ ಎದ್ದು ಬಂದು ಗಂಬೂಟಿನ ಮೇಲೆ ಗಲ್ಲ ಊರಿ ನಿಂತುಬಿಡುತ್ತಾಳೆ. ಕಿವಿಯ ಹಿಂದೆ ಕೆರೆಯುವವರೆಗೆ ದಾರಿ ಇಲ್ಲ. ಇಷ್ಟು ಗಾಂಭೀರ್ಯದಿಂದ ಲಂಚ ಕೇಳುವವಳು ರಾಜವಂಶದವಳೇ ಇರಬೇಕು. ಮಹಾರಾಣಿ ಎಂದು ನಾಮಕರಣ ಮಾಡಿದೆ.

ಚಿಕ್ಕಮ್ಮ ಕೇಳಿಸಿಕೊಂಡು, ಹೆಸರಿಡಬೇಡ ಅಂದಳು. ಯಾಕೆ ಎಂದರೆ ಲೆಡ್ಜರು ತೆಗೆದು ತೋರಿಸಿದಳು. ಹೋದ ಸಲ ಇವಳು ಹಾಕಿದ್ದು ಹನ್ನೊಂದು ಮರಿ. ನಾಲ್ಕು ಸತ್ತೇ ಹುಟ್ಟಿದವು, ಮೂರು ಏಳುನೂರು ಗ್ರಾಂ ದಾಟಲಿಲ್ಲ, ಎರಡು ದಿನದಲ್ಲಿ ಅವೂ ಹೋದವು. ಉಳಿದದ್ದು ನಾಲ್ಕು. "ಈ ಸಲ ಹುಟ್ಟಿದ ದಿನ ಸಂಜೆಗೆ ಹತ್ತು ಮರಿ ಮೊಲೆ ಕುಡೀತಿರಬೇಕು. ಇಲ್ಲಾಂದ್ರೆ ಕಳಿಸಿಬಿಡ್ತೀನಿ. ನಂಗೂ ಬೇಜಾರೇ, ಆದ್ರೆ ನಾನು ಮೃಗಾಲಯ ನಡೆಸ್ತಿಲ್ಲ ಕಣೇ."

ಕಳಿಸೋದು ಅಂದರೆ ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಪುಡಿ ಸಿಗುವ ಹತ್ತರಲ್ಲಿ ಅವಳೂ ಇದ್ದಾಳೆ. ವಂದನಾರ್ಪಣೆ: ಚೀಟಿ ಎತ್ತಿದ ಡಾಕ್ಟ್ರ ಬಲಗೈಗೆ.

ಮಾರ್ಚ್ ೧೩

ಮೇವು ಹಾಕುವವರು ಗಡಿಯಾರ ಮಾವ. ಬೆಳಿಗ್ಗೆ ಏಳು, ಸಂಜೆ ನಾಲ್ಕು, ಒಂದು ನಿಮಿಷ ಆಚೀಚೆ ಇಲ್ಲ. ಗೋಡೆ ಗಡಿಯಾರ ತಪ್ಪಾದರೆ ಚಿಕ್ಕಮ್ಮ ಅವರನ್ನು ನೋಡಿ ಸರಿಮಾಡುತ್ತಾಳಂತೆ. ಹನ್ನೆರಡು ವರ್ಷ ಮರಿಗಳ ಶೆಡ್ಡಿನಲ್ಲಿದ್ದವರು, ಈ ಫೆಬ್ರವರಿಯಲ್ಲಷ್ಟೇ ಈ ಕಡೆ ಬಂದಿದ್ದಾರೆ. ಬಿಳಿ ಹಂದಿಗಳೆಲ್ಲ ಅವರಿಗೆ ಇನ್ನೂ ಒಂದೇ ಥರ ಕಾಣುತ್ತವೆ. ಕಿವಿಯ ಬಿಲ್ಲೆಯ ನಂಬರು ಓದಲು ಕಣ್ಣು ಸಾಲದು. ಪ್ರತಿ ಸಲ ಹಂದಿಯ ಮುಖದ ಹತ್ತಿರ ಮುಖ ಇಟ್ಟು, ಕಣ್ಣು ಕಿರಿದು ಮಾಡಿ, ಗುಟ್ಟು ಹೇಳುವವರ ಹಾಗೆ ನಿಲ್ಲುತ್ತಾರೆ.

ಈ ದರ್ಬಾರಿಗೆ ನಾಮಫಲಕ ಬೇಡವೇ ಎಂದು ನಾನು ರಟ್ಟು ಕತ್ತರಿಸಿ, ಅಂಗೈಯಗಲದ ಅಕ್ಷರದಲ್ಲಿ ಇಪ್ಪತ್ತು ಬೋರ್ಡು ಬರೆದು ತೊಟ್ಟಿಗಳ ಮೇಲೆ ತೂಗುಹಾಕಿದೆ. ಮಹಾರಾಣಿಯ ಪಕ್ಕದ, ಪುಡಿ ಸಿಗದವಳು ಮಂತ್ರಿಣಿ, ಆಚೆಯವಳು ಖಜಾಂಚಿ, ಮೂಲೆಯಲ್ಲಿ ಗೊರಕೆ ಹೊಡೆಯುವವಳು ವಿರೋಧ ಪಕ್ಷದ ನಾಯಕಿ. ಪೊಟ್ಟಣದ ಮೇಲೂ ಅದೇ ಹೆಸರು. ಮಾವ ಒಂದೊಂದಾಗಿ ಜೋರಾಗಿ ಓದಿಕೊಂಡು ಹೋದರು. ಕೊನೆಗೆ, "ನಮ್ಮಂಥೋರ ಕಣ್ಣಿಗೂ ಕಾಣೋ ಹಾಗೆ ಬರ್ದಿದೀಯಲ್ಲಮ್ಮ" ಅಂದರು.

ನಾನು ತಮಾಷೆಗೆ ಬರೆದದ್ದು. ಹೇಳಲಿಲ್ಲ.

ಮಾರ್ಚ್ ೨೧

ರಾಜ್ಯದಲ್ಲಿ ಕ್ಷಿಪ್ರಕ್ರಾಂತಿ. ಇವತ್ತು ಬೆಳಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಮಹಾರಾಣಿಯ ಬೋರ್ಡನ್ನು ಮಂತ್ರಿಣಿಗೂ ಮಂತ್ರಿಣಿಯದನ್ನು ಮಹಾರಾಣಿಗೂ ಹಾಕಿ, ಕಂಬದ ಹಿಂದೆ ನಿಂತು ನೋಡಿದೆ. ಮಾವ ಗಂಭೀರವಾಗಿ ಬಂದು, "ಮಹಾರಾಣಿಯೋರೇ, ತಗೊಳ್ಳಿ" ಎಂದು ಮಂತ್ರಿಣಿಗೆ ಪುಡಿ ಸುರಿದರು. ನನಗೆ ನಗು ತಡೆಯಲಾಗದೆ ಕರವಸ್ತ್ರ ಬಾಯಿಗೆ ತುರುಕಿಕೊಂಡೆ. ಸಂಜೆ ನಾಲ್ಕರೊಳಗೆ ಸಿಂಹಾಸನ ವಾಪಸು ಕೊಡುವುದು ಎಂದು ಸಂಪುಟ ತೀರ್ಮಾನಿಸಿದೆ.

ಮೈಯೆಲ್ಲ ಯಾಕೋ ನೋವು. ನಕ್ಕಿದ್ದಕ್ಕಿರಬೇಕು.

ಮಾರ್ಚ್ ೨೮

ಆರು ದಿನ ಜ್ವರ. ನೂರಮೂರು ಡಿಗ್ರಿ. ಚಿಕ್ಕಮ್ಮ ಶೆಡ್ಡಿಗೂ ಮಂಚಕ್ಕೂ ಓಡಾಡಿ ಓಡಾಡಿ ಒಂದು ದಿನ ನನ್ನ ಹಣೆಗೆ ಕೈ ಇಟ್ಟು, "ಇವಳಿಗೆ ಇನ್ನೂ ಎರಡು ಕೇಜಿ ಹಾಕಿ" ಅಂದಳಂತೆ, ನಿದ್ದೆಗಣ್ಣಲ್ಲಿ. ಗಡಿಯಾರ ಮಾವ ನಾನು ಕಟ್ಟಿಟ್ಟ ಪೊಟ್ಟಣ ಮುಗಿದ ಮೇಲೆ ಡಾಕ್ಟ್ರಿಂದ ತೂಗಿಸಿಕೊಂಡು, ಒಂದು ಹೊತ್ತೂ ತಪ್ಪಿಸದೆ ಹಾಕಿದ್ದಾರೆ. ಬಂದು ಬಾಗಿಲಲ್ಲಿ ನಿಂತು ವರದಿ ಒಪ್ಪಿಸಿ ಹೋದರು: "ಎಲ್ಲಾರೂ ಉಂಡ್ರಮ್ಮ. ನೀನೂ ಉಣ್ಣು."

ಕೆಲವು ದಿನ ಫೀಡ್ ರೂಮಿನಲ್ಲೇ ಕೂತು ಮಾಡುವ ಕೆಲಸ ಮಾತ್ರ ಎಂದು ಚಿಕ್ಕಮ್ಮನ ಆಜ್ಞೆ. ಮಹಾರಾಣಿಯನ್ನು ಹಿಂದಿನ ಗೇಟಿನಿಂದ ನೋಡಿ, ಕೆರೆದು ಬಂದೆ. ಅಷ್ಟಕ್ಕೇ ಸುಸ್ತು.

ವಂದನಾರ್ಪಣೆಗೆ ಇವತ್ತು ಪಟ್ಟಿ ಉದ್ದವಿದೆ. ನಾಳೆ.

ಏಪ್ರಿಲ್ ೯

ಹಿಂದಿನ ಗೇಟಿನ ಚಿಲಕ ಮುರಿದಿತ್ತು. ಬೆಳಗಿನ ಮೇವಿಗೆ ಮುಂಚೆ ಮುಂದಿನಿಂದ, ತೊಟ್ಟಿಯ ಕಡೆಯಿಂದ ಹೋದೆ.

ಹರಿದ ಕಿವಿಯವಳ ತೊಟ್ಟಿಯ ಮೇಲೆ 'ಮಂತ್ರಿಣಿ' ಎಂದಿತ್ತು.

ಬೋರ್ಡು ಬದಲಿಸಿದೆ. ಯಾರೂ ನೋಡಲಿಲ್ಲ. ಇಪ್ಪತ್ತೊಂದರಿಂದ ಎಂಟರವರೆಗೆ ಬೆರಳಲ್ಲಿ ಎಣಿಸಿದೆ, ಆಮೇಲೆ ಕ್ಯಾಲೆಂಡರಿನಲ್ಲಿ ಎಣಿಸಿದೆ. ಹತ್ತೊಂಬತ್ತು ದಿನ.

ಏಪ್ರಿಲ್ ೧೦

ಹೇಳಲಿಲ್ಲ.

ಏಪ್ರಿಲ್ ೧೧

ಇವತ್ತೂ ಇಲ್ಲ. ಒಂದು ದಿನಕ್ಕೆ ಎರಡು ದಿನದ ಪುಡಿ ಹಾಕಿ ಬಾಕಿ ತೀರಿಸಿದರೆ ಹೇಗೆ ಎಂದು ಯೋಚಿಸಿದೆ. ಡಾಕ್ಟ್ರನ್ನು ಸುತ್ತಿಬಳಸಿ, "ಹಂದಿ ನೆನ್ನೆಯ ಪುಡಿ ಇವತ್ತು ತಿಂದ್ರೆ ನಡೆಯುತ್ತಾ ಸಾರ್?" ಅಂತ ಕೇಳಿದೆ. ಮಾಸು ಬೆಳೆಯುವ ವಾರ ಹೋದರೆ ಹೋಯಿತು, ಆಮೇಲೆ ಸುರಿದು ಏನೂ ಬರೋದಿಲ್ಲ ಅಂದರು. ಯಾಕೆ ಕೇಳಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಅಂತ ಬರೆಯಲು ಹೊರಟೆ. ಗೊತ್ತಿಲ್ಲ.

ಹೇಳದಿದ್ದರೆ ಯಾರಿಗೂ ಗೊತ್ತಾಗುವ ದಾರಿಯೇ ಇಲ್ಲ. ಹಂದಿಗಳು ಸಾಕ್ಷಿ ಹೇಳುವುದಿಲ್ಲ. ಇಂಥ ಪರಿಪೂರ್ಣವಾದ ಕೀಟಲೆ ನಾನು ಈವರೆಗೆ ಮಾಡಿರಲಿಲ್ಲ.

ಏಪ್ರಿಲ್ ೧೨

ಹೇಳಿದೆ.

ನಲ್ಲಿಯ ಹತ್ತಿರ ಡಾಕ್ಟ್ರು ಬೂಟು ತೊಳೆಯುತ್ತಿದ್ದರು, ಚಿಕ್ಕಮ್ಮ ಲೆಡ್ಜರು ಹಿಡಿದಿದ್ದಳು, ಮಾವ ಗಾಡಿಯ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಮೂವರೂ ಒಂದೇ ಕಡೆ ಸಿಕ್ಕರೆ ಒಂದೇ ಸಲ ಹೇಳಿ ಮುಗಿಸಬಹುದು ಎಂದುಕೊಂಡಿದ್ದೆ. ಪೀಠಿಕೆಗೆ ಒಂದು ಒಳ್ಳೆಯ ವಾಕ್ಯ ಕೂಡ ಸಿದ್ಧವಿತ್ತು. ಬಾಯಿ ತೆಗೆದಾಗ ಬಂದದ್ದು, "ಬೋರ್ಡು ನಾನು ಬದಲಾಯಿಸಿದ್ದೆ. ಮರೆತುಹೋಯ್ತು" ಅಷ್ಟೇ.

ಚಿಕ್ಕಮ್ಮ ಎಷ್ಟು ದಿನ ಎಂದಳು. ಹತ್ತೊಂಬತ್ತು ಎಂದೆ. ಅವಳು ಲೆಡ್ಜರು ಮುಚ್ಚಿ, ಮತ್ತೆ ತೆರೆದು, ಮತ್ತೆ ಮುಚ್ಚಿದಳು. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟ್ರು ಕೈ ಒರೆಸಿಕೊಂಡು ತಮ್ಮ ಪುಸ್ತಕ ತೆಗೆದರು. ಮಹಾರಾಣಿ ಮತ್ತು ಮಂತ್ರಿಣಿಯ ಎರಡೂ ಸಾಲಿನ ಮೇಲೆ ಸ್ಕೇಲು ಇಟ್ಟು ನೇರವಾಗಿ ಗೆರೆ ಎಳೆದರು. ಹತ್ತು-ಹತ್ತು ಇದ್ದದ್ದು ಒಂಬತ್ತು-ಒಂಬತ್ತು ಆಯಿತು. ಆಮೇಲೆ ನನ್ನ ಕಡೆ ನೋಡಿ, "ಹೇಳಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಈ ಎರಡು ಸುಳ್ಳು ಲೆಕ್ಕ ನಾನು ನಾಲ್ಕು ಜನಕ್ಕೆ ಹೇಳ್ಕೊಂಡು ತಿರುಗ್ತಿದ್ದೆ. ಥ್ಯಾಂಕ್ಸ್ ಅಮ್ಮ" ಅಂದರು. ಅವರು ತಮಾಷೆ ಮಾಡುವವರಲ್ಲ. ಅದಕ್ಕೇ ಅದನ್ನು ತಡೆದುಕೊಳ್ಳಲಾಗಲಿಲ್ಲ.

ಮಾವ ಎಣ್ಣೆ ಡಬ್ಬಿಯ ಮುಚ್ಚಳ ಹಾಕಿ, ಎದ್ದು ಹೋಗಿ ಗಾಡಿಯನ್ನು ಒಂದಿಷ್ಟು ತಳ್ಳಿ, ನಿಂತರು. "ಆ ಅಕ್ಷರ ನನ್ ಕಣ್ಣಿಗೋಸ್ಕರ ಬರ್ದಿದ್ದು ಅಂದ್ಕೊಂಡಿದ್ದೆ" ಅಂದರು. ಗಾಡಿಯ ಕಡೆ ನೋಡಿಯೇ ಅಂದದ್ದು.

ಏಪ್ರಿಲ್ ೧೩

ಬೋರ್ಡುಗಳನ್ನೆಲ್ಲ ಇಳಿಸಿದೆ. ಕಿವಿಯ ಬಿಲ್ಲೆಗಳನ್ನು ಹಳೆ ಬ್ರಷ್ಷಿನಿಂದ ಉಜ್ಜಿ ತೊಳೆದೆ. ಇಪ್ಪತ್ತರಲ್ಲಿ ಹದಿಮೂರು ಜನ ಒದ್ದರು, ವಿರೋಧ ಪಕ್ಷದ ನಾಯಕಿ ಎರಡು ಸಲ. ಹೊಸ ಬೋರ್ಡಿನಲ್ಲಿ ಬಿಲ್ಲೆಯ ನಂಬರು ಮಾತ್ರ, ಅಷ್ಟೇ ದೊಡ್ಡದಾಗಿ, ತೊಟ್ಟಿಗೆ ತಂತಿಯಿಂದ ಬಿಗಿದಿದ್ದೇನೆ. ಇಕ್ಕಳವಿಲ್ಲದೆ ಬಿಚ್ಚಲಾಗದು.

ಏಳು ಗಂಟೆಗೆ ಮಾವನ ಗಾಡಿಯ ಪಕ್ಕ ಹೋಗಿ ನಿಂತೆ. ಬೇಡ ಅನ್ನಲಿಲ್ಲ. ನಾನು ಬಿಲ್ಲೆ ನೋಡಿ ನಂಬರು ಓದುವುದು, ಅವರು ಬೋರ್ಡು ನೋಡಿ ಓದುವುದು, ಎರಡೂ ಒಂದೇ ಆದರೆ ಪೊಟ್ಟಣ ಒಡೆಯುವುದು.

ಏಪ್ರಿಲ್ ೨೭

ಹದಿನಾಲ್ಕು ದಿನ, ಇಪ್ಪತ್ತೆಂಟು ಹೊತ್ತು. ತಪ್ಪಿಲ್ಲ. ಶೆಡ್ಡಿನಲ್ಲಿ ಮೊದಲಿನಷ್ಟು ಕಣ್ಣು ಉರಿಯುವುದಿಲ್ಲ, ಲೈಸಿನ್ ಲೆಕ್ಕ ಸರಿಯಿರಬೇಕು ಎಂದು ಡಾಕ್ಟ್ರು. ತಕ್ಕಡಿಯ ಕೆಳಗಿನ ಹಲಗೆ ಒಂದು ಕಡೆ ವಾಲಿತ್ತು, ಅರ್ಧ ಗ್ರಾಂ ವ್ಯತ್ಯಾಸ ಬರುತ್ತಿತ್ತು. ರಟ್ಟು ಇಟ್ಟು ಸರಿಮಾಡಿದೆ.

ಇವತ್ತು ಹದಿನೇಳನೇ ತೊಟ್ಟಿಯ ಹತ್ತಿರ ಮಾವ ತಾವಾಗಿಯೇ, "ಇವಳು ಗೊರಕೆ ಹೊಡಿಯೋಳಲ್ವಾ, ಏನೋ ಹೆಸ್ರಿಟ್ಟಿದ್ದೆ" ಅಂದರು. ನಾನು ಹೇಳಿದೆ. ಅವರು ನಕ್ಕರು. ಹದಿನೈದು ದಿನದಲ್ಲಿ ಮೊದಲ ಸಲ. ಆ ಹಂದಿಗೆ ನಾನು ಚಿರಋಣಿ.

ಮೇ ೩

ಗಬ್ಬದ ಕೊನೆಯ ತಿಂಗಳು. ಮರಿಗಳು ಬಿರುಸಾಗಿ ಬೆಳೆಯುವ ಹೊತ್ತು, ಗುಂಡಿಗಳು ಬೇಗ ಬೇಗ ಖರ್ಚಾಗುತ್ತವೆ. ಎಲ್ಲರಿಗೂ ಮೇವು ಅರ್ಧ ಕೇಜಿ ಹೆಚ್ಚಿಸಿದೆವು, ಲೈಸಿನ್ ಕೂಡ. ಮಹಾರಾಣಿಯ ಹೊಟ್ಟೆಯ ಮೇಲೆ ಕೈ ಇಟ್ಟರೆ ಒಳಗೆ ಯಾರೋ ಗೋಡೆ ಒದೆಯುತ್ತಾರೆ. ಎಷ್ಟು ಜನ ಎಂದು ಎಣಿಸಲು ನೋಡಿದೆ. ಹತ್ತರವರೆಗೆ ಎಣಿಸಬೇಕೆಂದೇ ಎಣಿಸಿದರೆ ಹತ್ತೇ ಬರುತ್ತದೆ, ಅದು ಲೆಕ್ಕವಲ್ಲ.

ಚಿಕ್ಕಮ್ಮನ ಹತ್ತಿರ ಮಹಾರಾಣಿಯ ವಿಷಯ ಎತ್ತಬೇಕೆಂದು ಊಟಕ್ಕೆ ಕೂತಾಗಲೆಲ್ಲ ಅನ್ನಿಸುತ್ತದೆ. ಯಾವ ಮುಖ ಇಟ್ಟುಕೊಂಡು ಎತ್ತಲಿ? ನನಗೆ ಜ್ವರ ಬಂದಾಗ ಅವಳು ಹೊದಿಸಿದ ಶಾಲು ಇನ್ನೂ ನನ್ನ ಮಂಚದ ಮೇಲೇ ಇದೆ. ವಾಪಸು ಕೇಳಿಲ್ಲ.

ಮೇ ೨೨

ಮಹಾರಾಣಿಯನ್ನು ತೊಳೆದು ಹೆರಿಗೆ ಮನೆಗೆ ಸಾಗಿಸಿದೆವು. ಬೆಚ್ಚಗಿನ ನೀರು, ಸೋಪು. ಕಿವಿಯ ಹಿಂದೆ ಉಜ್ಜುವಾಗ ಕಣ್ಣು ಮುಚ್ಚಿ ನಿಂತಿದ್ದಳು.

ಮೇ ೨೬

ನೂರಹದಿನಾಲ್ಕನೇ ದಿನ. ಬೆಳಿಗ್ಗೆ ಒಂಬತ್ತೂವರೆಗೆ ಮೊದಲನೆಯದು. ಒಂದು ಕೇಜಿ ನಾನೂರು. ಬಾಯಿಯ ಲೋಳೆ ಒರೆಸಿದೆ, ಹೊಕ್ಕುಳಬಳ್ಳಿ ಕಟ್ಟಿದೆ, ಒಣಗಿಸಿ ಮೊಲೆಗೆ ಹಚ್ಚಿದೆ. ಮಾವ ಟೈಮು ಹೇಳಿದರು, ನಾನು ಬರೆದೆ. ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕೊಂದು. ಐದನೆಯದು ಸತ್ತಿತ್ತು. ಆರು, ಏಳು, ಎಂಟು, ಒಂಬತ್ತು, ಹತ್ತು, ಎಲ್ಲ ಕೂಗುತ್ತಲೇ ಬಂದವು. ಒಂದೂವರೆಗೆ ಹನ್ನೊಂದನೆಯದು ಬಂತು.

ಅದು ಹತ್ತನೇ ಜೀವ. ಉಸಿರು ಇತ್ತು, ಮೈ ಸೋತಿತ್ತು. ಬಟ್ಟೆಯಲ್ಲಿ ಸುತ್ತಿ ಉಜ್ಜಿದೆ, ಮಹಾರಾಣಿಯ ಹಾಲು ಹಿಂಡಿ ನಾಲಿಗೆಗೆ ಹನಿ ಹನಿ ಬಿಟ್ಟೆ, ಅಂಗಿಯೊಳಗೆ ಎದೆಗೆ ಒತ್ತಿ ಹಿಡಿದು ದೀಪದ ಕೆಳಗೆ ಕೂತೆ. ಮಾವ ಊಟಕ್ಕೆ ಹೋಗದೆ ಎದುರಿಗೆ ಕೂತಿದ್ದರು. ಮೂರೂಕಾಲಿಗೆ ಅದರ ಉಸಿರು ನಿಂತಿತು. ನನಗೆ ಗೊತ್ತಾಗಲಿಲ್ಲ. ಮಾವ ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು.

ಆಮೇಲೆ ಮೊದಲ ಸಲ ಅವರು ನಾಲ್ಕು ಗಂಟೆಯ ಮೇವಿಗೆ ಆರು ನಿಮಿಷ ತಡವಾದರು.

ಸಂಜೆ ಚಿಕ್ಕಮ್ಮ ಬಂದಳು. ಮೊಲೆಗೆ ಅಂಟಿಕೊಂಡ ಮರಿಗಳನ್ನು ಬೆರಳಲ್ಲಿ ಎಣಿಸಿದಳು, ಹಾಳೆ ನೋಡಿದಳು. ನಾನು ಬರೆದಿದ್ದೆ: ಹುಟ್ಟಿದ್ದು ಹನ್ನೊಂದು, ಸಂಜೆಗೆ ಇರುವುದು ಒಂಬತ್ತು. ಅತಿ ಹಗುರದ್ದು ಒಂದು ಕೇಜಿ ನೂರು.

ಒಂಬತ್ತೇ, ಅಂದಳು. ಹೌದು ಅಂದೆ. ಹತ್ತಾಗಲಿಲ್ಲ ಅಂದಳು. ಇಲ್ಲ ಅಂದೆ. ನನಗೆ ಮಾತಾಡಲು ಬರುತ್ತದೆ, ಸತ್ತ ಲಿಫ್ಟಿಗೆ ಇಡೀ ಕಾಲೇಜನ್ನು ಎದ್ದು ನಿಲ್ಲಿಸಿದವಳು ನಾನು. ಮೊಲೆಯಿಂದ ಜಾರಿದ ಒಂದು ಮರಿಯನ್ನು ಮತ್ತೆ ಹಚ್ಚಿದೆ.

ಚಿಕ್ಕಮ್ಮ ಆ ಹಾಳೆಯನ್ನು ಮತ್ತೊಮ್ಮೆ ಮೇಲಿನಿಂದ ಓದಿದಳು. "ಹತ್ತೊಂಬತ್ತು ದಿನ ಇವಳಿಗೆ ಅನ್ನ ತಪ್ಪಿಸಿ, ಆಮೇಲೆ ಇವಳನ್ನೇ ಫೇಲ್ ಮಾಡಿದ್ರೆ ಅದು ನ್ಯಾಯಾನಾ? ನೀನು ಅವತ್ತು ಬಂದು ಹೇಳ್ದೇ ಇದ್ದಿದ್ರೆ ನಾಳೆ ಬೆಳಿಗ್ಗೆ ಗಾಡಿ ಕರೆಸ್ತಿದ್ದೆ." ಹಾಳೆ ನನ್ನ ಕೈಗೆ ಕೊಟ್ಟಳು. "ಇರ್ಲಿ. ಇನ್ನೊಂದು ಸಲ ನೋಡೋಣ. ಪೂರ್ತಿ ಎಂಬತ್ನಾಲ್ಕು ದಿನ ಪುಡಿ ಹಾಕಿ."

ನಾನು ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ. ಮಾವ ಹೇಳಿದರು, ಅದು ಕೇಳಿಸಿತು.

ಮೇ ೨೮

ಮಂತ್ರಿಣಿ ಹನ್ನೆರಡು ಹಾಕಿದಳು, ಹನ್ನೊಂದು ಜೀವಂತ. ಪುಡಿಯಿಂದಲೋ ಅವಳ ವಯಸ್ಸಿನಿಂದಲೋ ಯಾರಿಗೆ ಗೊತ್ತು. ಉಳಿದ ಒಂಬತ್ತು-ಒಂಬತ್ತರಲ್ಲಿ ಅರ್ಧದಷ್ಟು ಈದಾಗಿದೆ. ಪುಡಿ ತಿಂದವರಲ್ಲಿ ಸರಾಸರಿ ಒಂದು ಮರಿ ಹೆಚ್ಚು ಇದೆ. ಡಾಕ್ಟ್ರನ್ನು ಕೇಳಿದರೆ, ಇಷ್ಟರಲ್ಲೇ ಕುಣಿದಾಡುವ ಹಾಗಿಲ್ಲ, ಇನ್ನೊಂದು ಸುತ್ತು ಆಗಬೇಕು ಅಂದರು. ಪುಸ್ತಕ ಮುಚ್ಚುವಾಗ ಅವರ ತುಟಿ ಒಂದು ಕಡೆ ಸ್ವಲ್ಪ ಮೇಲೆ ಹೋಯಿತು. ಮಾವ ಕೂಡ ನೋಡಿದ್ದಾರೆ.

ಜೂನ್ ೧

ಅಮ್ಮ ಫೋನ್ ಮಾಡಿದ್ದಳು. ಕಾಲೇಜು ಹದಿನೈದಕ್ಕೆ ಶುರು. ಹೇಗಿದೀಯಾ, ಏನಾದ್ರೂ ಕಿತಾಪತಿ ಮಾಡಿದ್ಯಾ ಎಂದಳು. ನೆನಪಿಗೆ ಬಂದದ್ದನ್ನು ಹೇಳಿದೆ: ಒಂಬತ್ತೂ ಇವೆ, ಆರು ದಿನಕ್ಕೆ ದೊಡ್ಡದು ಎರಡು ಕೇಜಿ ಏಳುನೂರು, ಚಿಕ್ಕದು ಎರಡು ಕೇಜಿ ನೂರು, ಅದು ಹಿಂದಿನ ಮೊಲೆ ಬಿಟ್ಟು ಹಾಲು ಹೆಚ್ಚಿರುವ ಮುಂದಿನದಕ್ಕೆ ಬಂದಿದೆ, ಮಹಾರಾಣಿ ಮೇವು ಚೆನ್ನಾಗಿ ತಿನ್ನುತ್ತಿದ್ದಾಳೆ, ಹಾಲಿಗೆ ಲೈಸಿನ್ ಇನ್ನೂ ಹೆಚ್ಚು ಬೇಕು.

ಅಮ್ಮ ಅರ್ಧಕ್ಕೆ ತಡೆದು, "ಫೋನು ಚಿಕ್ಕಮ್ಮನಿಗೆ ಕೊಡು" ಅಂದಳು.

ಕೊಟ್ಟೆ. ಅಮ್ಮನ ಧ್ವನಿ ನನಗೂ ಕೇಳಿಸುವಷ್ಟು ಜೋರಾಗಿತ್ತು: ಇವಳು ಏನೋ ದೊಡ್ಡದು ಮಾಡಿಟ್ಟಿದ್ದಾಳೆ, ಮುಚ್ಚಿಡ್ತಿದ್ದಾಳೆ, ಇಲ್ದಿದ್ರೆ ಇಷ್ಟು ಸಾಧುವಾಗಿ ಮಾತಾಡೋಳಲ್ಲ, ಸರಿಯಾಗಿ ವಿಚಾರ್ಸು.

"ಇಲ್ಲ ಅಕ್ಕ" ಅಂದಳು ಚಿಕ್ಕಮ್ಮ. "ಅವಳು ಏನೂ ಮುಚ್ಚಿಡಲ್ಲ."

ಇನ್ನೂ ಏನೇನೋ ಮಾತಾಡಿಕೊಂಡರು, ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ನಾಲ್ಕಕ್ಕೆ ಎರಡು ನಿಮಿಷವಿತ್ತು, ಹೊರಗೆ ಗಾಡಿಯ ಪಕ್ಕ ಮಾವ ಕಾಯುತ್ತಿದ್ದರು.